ಅಮ್ಮ ಕಾದಂಬರಿ ಓದಿ ಸಿನಿಮಾಕ್ಕೆ ಹೊರಡುತ್ತಿದ್ದ ಕಾಲ

ಪುಟ್ಟಾ, ನಿನ್ನೆ ರಾತ್ರಿ ನೀನು ಕೇಳಿದ್ದೆಯಲ್ಲ, ಸಿನಿಮಾದಲ್ಲಿ ಒಂದೇ ಒಂದು ದಶಕ ಆರಿಸಿಕೊಳ್ಳಿ ಅಂದರೆ ಯಾವುದನ್ನು ಆರಿಸುತ್ತೀರಿ ಅಂತ. ಬೆಳಗ್ಗೆ ಎದ್ದು ನೋಡಿದರೆ ಗ್ರೂಪಿನಲ್ಲಿ ನಲವತ್ತು ಮೆಸೇಜ್ ಬಂದಿವೆ. ಭಾವ ಎಂಬತ್ತರ ದಶಕ ಅಂದಿದ್ದಾರೆ, ಶಂಕರ್‌ನಾಗ್ ಇದ್ದ ಕಾಲ ಅಂತ. ಅಮೆರಿಕದಿಂದ ತಂಗಿ ಐವತ್ತರ ದಶಕದ ಹಿಂದಿ ಸಿನಿಮಾ ಅಂದಿದ್ದಾಳೆ. ನೀನು ಕೆಜಿಎಫ್ ಬಂದ ದಶಕ ಅಂದಿದ್ದೀಯ. ನನ್ನದು ಎಪ್ಪತ್ತರ ದಶಕ, ನಮ್ಮ ಕನ್ನಡದ್ದೇ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಕೆಲಸ ಮುಗಿಸಿಕೊಂಡು ನಿಧಾನವಾಗಿ ಕೇಳಿ.

ನಾನು ಚಿಕ್ಕವಳಿದ್ದಾಗ ನೋಡಿದ್ದು, ಅದಕ್ಕೇ ಇಷ್ಟ ಅಂತ ನೀನು ಅಂದುಕೊಳ್ಳಬಹುದು. ಅಷ್ಟೇ ಅಲ್ಲ ಕಂದ. ಆ ಹತ್ತು ವರ್ಷ ನಮ್ಮ ಮನೆಯಲ್ಲಿ ಓದುವುದು ಬೇರೆ, ಸಿನಿಮಾ ನೋಡುವುದು ಬೇರೆ ಅಂತ ಇರಲೇ ಇಲ್ಲ. ನಾನು ಹೇಳಬೇಕಾಗಿರುವುದು ಇದನ್ನೇ.

ನಿನ್ನ ಅಜ್ಜಿ ಓದಿದ್ದು ಬರೀ ಏಳನೇ ಕ್ಲಾಸು. ಆದರೆ ಮಧ್ಯಾಹ್ನ ಊಟದ ಪಾತ್ರೆ ತೊಳೆದು ಮುಗಿಯಿತು ಅಂದರೆ ಕೈಯಲ್ಲಿ ಕಾದಂಬರಿ ಇರಲೇಬೇಕು. ತಿಪಟೂರಿನಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಒಂದು ಸಣ್ಣ ಅಂಗಡಿ ಇತ್ತು. ಅಪ್ಪ ಕೊಬ್ಬರಿ ಮಂಡಿಗೆ ಹೋದಾಗೆಲ್ಲ ಅಲ್ಲಿಂದ ಎರಡು ಪುಸ್ತಕ ತರಬೇಕು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಟಿ.ಕೆ. ರಾಮರಾವ್, ತರಾಸು. ಈ ಹೆಸರುಗಳೆಲ್ಲ ನಮ್ಮ ಮನೆಯಲ್ಲಿ ನೆಂಟರ ಹೆಸರಿನ ಹಾಗೆ ಓಡಾಡುತ್ತಿದ್ದವು. ಮತ್ತೆ ಆಗ ಸಿನಿಮಾ ಮಾಡುವವರು ಕಥೆಗೆ ಹೋಗುತ್ತಿದ್ದದ್ದೂ ಅವರ ಹತ್ತಿರವೇ. ಗೆಜ್ಜೆ ಪೂಜೆ ಇಂದಿರಾ ಅವರದ್ದು. ಎರಡು ಕನಸು ವಾಣಿ ಅವರದ್ದು. ಬಂಗಾರದ ಮನುಷ್ಯ ರಾಮರಾಯರದ್ದು. ಹಾಗಾಗಿ ಊರಿಗೆ ಒಂದು ಸಿನಿಮಾ ಬಂತು ಅಂದರೆ ಅಮ್ಮನಿಗೆ ಅದು ಹೊಸದಲ್ಲ. ಪರಿಚಯದ ಹುಡುಗಿಯ ಮದುವೆಗೆ ಹೊರಟ ಹಾಗೆ ಹೊರಡುತ್ತಿದ್ದರು. ಹೇಗೆ ಕಾಣುತ್ತಾಳೋ ನೋಡೋಣ ಅಂತ.

ನಾಗರಹಾವು ಬಂದಾಗ ಮನೆಯಲ್ಲಿ ಜಗಳವೇ ಆಯಿತು. ಅದು ಬಂದಿದ್ದು 1972ರ ಕೊನೆಯಲ್ಲಿ. ಪುಟ್ಟಣ್ಣ ಕಣಗಾಲ್ ತರಾಸು ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದ್ದರು. ಜನ ಹುಚ್ಚೆದ್ದು ನೋಡಿದರು. ಆದರೆ ತರಾಸು ಅವರಿಗೇ ಅದು ಹಿಡಿಸಲಿಲ್ಲ. ನಮ್ಮ ಅಪ್ಪ ತರಾಸು ಕಡೆ, ಅಮ್ಮ ಪುಟ್ಟಣ್ಣನ ಕಡೆ. ನಾಯಕ ರಾಮಾಚಾರಿ ಪುಸ್ತಕದಲ್ಲಿ ಹೀಗಿಲ್ಲ ಅಂತ ಅಪ್ಪ, ಪರದೆ ಮೇಲೆ ಚಾಮಯ್ಯ ಮೇಷ್ಟ್ರನ್ನು ನೋಡಿ ಕಣ್ಣಲ್ಲಿ ನೀರು ಬಂತಲ್ಲ, ಅದು ಸುಳ್ಳಾ ಅಂತ ಅಮ್ಮ. ಒಂದು ವಾರ ನಡೆಯಿತು ಆ ಮಾತು. ಊಟಕ್ಕೆ ಕೂತರೂ ಅದೇ. ಒಂದು ಸಿನಿಮಾದ ಬಗ್ಗೆ ಗಂಡ ಹೆಂಡತಿ ಒಂದು ವಾರ ಮಾತಾಡಿದರು ಅಂದರೆ ಆ ಸಿನಿಮಾ ಎಷ್ಟು ಒಳಗೆ ಹೋಗಿರಬೇಕು, ಹೇಳು.

ಈಗ ಶರಪಂಜರದ ವಿಷಯ. ಇದನ್ನು ಗ್ರೂಪಿನಲ್ಲಿ ಯಾವತ್ತೂ ಹೇಳಿಲ್ಲ ನಾನು.

ಕಥೆ ನಿಮಗೆಲ್ಲ ಗೊತ್ತಿರಬಹುದು. ಗೊತ್ತಿಲ್ಲದ ಮಕ್ಕಳಿಗೆ ಹೇಳುತ್ತೇನೆ. ಕಾವೇರಿ ಅಂತ ಒಬ್ಬ ಹೆಣ್ಣುಮಗಳು. ಗಂಡ, ಮಗು, ಚೆಂದದ ಸಂಸಾರ. ಎರಡನೇ ಹೆರಿಗೆ ಆದಮೇಲೆ ಅವಳ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗಿ ವಾಸಿಯಾಗುತ್ತದೆ. ವಾಸಿಯಾಗಿ ಮನೆಗೆ ಬಂದಮೇಲೆ ನೋಡು, ಅವಳನ್ನು ಯಾರೂ ಮೊದಲಿನ ಹಾಗೆ ನೋಡುವುದಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡನೂ ದೂರ. ಕೊನೆಗೆ ಅವಳ ಮನಸ್ಸು ಮತ್ತೆ ಮುರಿಯುತ್ತದೆ. ಕಲ್ಪನಾ ಆ ಪಾತ್ರ ಮಾಡಿದ್ದಾರೆ. ಈಗ ಎಲ್ಲರೂ ಹೆರಿಗೆಯಾದವರ ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡುತ್ತಾರೆ, ಒಳ್ಳೆಯದು. ಆದರೆ 1971ರಲ್ಲೇ ಕನ್ನಡದ ಒಂದು ಸಿನಿಮಾ ಇದನ್ನು ಹೇಳಿತ್ತು. ಅದಕ್ಕಿಂತ ಎಷ್ಟೋ ಮೊದಲೇ ತ್ರಿವೇಣಿ ಬರೆದಿದ್ದರು. ಸಿನಿಮಾ ನೋಡುವುದಕ್ಕೆ ಅವರೇ ಇರಲಿಲ್ಲ. 1963ರಲ್ಲೇ ತೀರಿಕೊಂಡಿದ್ದರು, ಇನ್ನೂ ಚಿಕ್ಕ ವಯಸ್ಸು.

ನಮ್ಮೂರಿಗೆ ಅದು ಬಂದಿದ್ದು ಟೆಂಟಿಗೆ, ಬಿಡುಗಡೆಯಾಗಿ ತುಂಬಾ ದಿನ ಆದಮೇಲೆ. ಸಂಜೆ ಟೆಂಟಿನ ಲೌಡ್‌ಸ್ಪೀಕರಿನಲ್ಲಿ ‘ನಮೋ ವೆಂಕಟೇಶ’ ಶುರುವಾಯಿತು ಅಂದರೆ ಟಿಕೆಟ್ ಕೊಡುತ್ತಿದ್ದಾರೆ ಅಂತ ಲೆಕ್ಕ. ಅಮ್ಮ ನಿನ್ನ ಅಪ್ಪನನ್ನು ಸೊಂಟಕ್ಕೆ ಏರಿಸಿಕೊಂಡರು, ಅವನಿಗೆ ಆಗ ಒಂದು ವರ್ಷ ಇರಬೇಕು. ನನ್ನ ಕೈ ಹಿಡಿದುಕೊಂಡರು. ನೆಲದ ಟಿಕೆಟ್. ಹೆಂಗಸರ ಕಡೆ ಮರಳಿನ ಮೇಲೆ ಕೂತು ನೋಡಿದೆವು. ನನಗೆ ಹನ್ನೊಂದು ವರ್ಷ, ಅರ್ಧ ಅರ್ಥ ಆಗಲಿಲ್ಲ. ಆದರೆ ಮುಗಿದಮೇಲೆ ಹೆಂಗಸರು ಯಾರೂ ಬೇಗ ಏಳಲಿಲ್ಲ, ಅದು ಕಣ್ಣಿಗೆ ಕಟ್ಟಿದ ಹಾಗಿದೆ. ದಾರಿಯಲ್ಲೂ ಯಾರೂ ಮಾತಾಡಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರಿದ್ದರು. ಹೆಸರು ಬೇಡ. ಬಾಣಂತನದಲ್ಲಿ ಅವರಿಗೂ ಹೀಗೇ ಆಗಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ, ಗುಣವಾಗಿ ಬಂದಿದ್ದರು. ಬಂದು ವರ್ಷವಾದರೂ ಅವರ ಮನೆಗೆ ಯಾರೂ ಅರಿಶಿನ ಕುಂಕುಮಕ್ಕೆ ಹೋಗುತ್ತಿರಲಿಲ್ಲ. ಮಕ್ಕಳು ಆ ಕಡೆ ಆಡಲು ಹೋದರೆ ಬೈದು ಕರೆಯುತ್ತಿದ್ದರು. ನಮ್ಮ ಅಮ್ಮನೂ ಕರೆದಿದ್ದಾರೆ, ಸುಳ್ಳು ಹೇಳಬಾರದು. ಸಿನಿಮಾ ನೋಡಿದ ಮಾರನೇ ದಿನ ಅಮ್ಮ ಒಂದು ಡಬ್ಬಿಗೆ ಚಕ್ಕುಲಿ ತುಂಬಿಕೊಂಡು ನಮ್ಮಿಬ್ಬರನ್ನೂ ಕರೆದುಕೊಂಡು ಅವರ ಮನೆಗೆ ಹೋದರು. ಹೋಗಿ ಕೂತು, ಏನೂ ವಿಶೇಷ ಮಾತಾಡದೆ, ನಿನ್ನ ಅಪ್ಪನನ್ನು ಅವರ ತೊಡೆಯ ಮೇಲೆ ಕೂರಿಸಿದರು. ಆ ಹೆಂಗಸು ಮೊದಲು ಕೈ ಮುಂದೆ ಮಾಡಲೇ ಇಲ್ಲ. ಆಮೇಲೆ ಗಟ್ಟಿಯಾಗಿ ಹಿಡಿದುಕೊಂಡರು. ಪುಟ್ಟಾ, ನಿನ್ನ ಅಪ್ಪನಿಗೆ ಇದು ನೆನಪಿರುವುದಿಲ್ಲ. ನನಗಿದೆ. ನನಗೆ ಸಿನಿಮಾ ಅಂದರೆ ಅದು.

ಹಾಂ, ಇನ್ನೊಂದು ಬಗೆಯ ಸಿನಿಮಾ ಇತ್ತಲ್ಲ ಆಗ, ಪ್ರಶಸ್ತಿ ಸಿನಿಮಾ ಅಂತ ಜನ ಕರೆಯುತ್ತಿದ್ದದ್ದು. ಅವು ನಮ್ಮ ಟೆಂಟಿಗೆ ಬರಲೇ ಇಲ್ಲ. ನಾನು ನೋಡಿದ್ದು ಮದುವೆಯಾಗಿ ಬೆಂಗಳೂರಿಗೆ ಬಂದಮೇಲೆ, ದೂರದರ್ಶನದಲ್ಲಿ. ಆದರೆ ಅವೂ ಆ ದಶಕದವೇ, ಅವೂ ಪುಸ್ತಕದಿಂದಲೇ ಬಂದವು. ಅನಂತಮೂರ್ತಿಯವರ ಸಂಸ್ಕಾರ 1970ರಲ್ಲಿ ಸಿನಿಮಾ ಆಯಿತು. ಮದ್ರಾಸಿನ ಸೆನ್ಸಾರಿನವರು ಮೊದಲು ಅದನ್ನು ತಡೆದಿದ್ದರು. ಆಮೇಲೆ ಅದಕ್ಕೇ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿಗೆ ಹಾಕಿದರು. ಉಬ್ಬಸದ ಕಾಯಿಲೆ ಇತ್ತು ಅವರಿಗೆ. ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಸಿನಿಮಾ ಯಾವಾಗ ನೋಡಿದರೂ ಚಂದ್ರಿಯ ಮುಖ ಬಂದಾಗ ನನಗೆ ಇದೇ ನೆನಪಾಗುತ್ತದೆ.

ಆಮೇಲೆ 1975ರಲ್ಲಿ ಶಿವರಾಮ ಕಾರಂತರ ಚೋಮನ ದುಡಿ. 1977ರಲ್ಲಿ ಘಟಶ್ರಾದ್ಧ, ಗಿರೀಶ್ ಕಾಸರವಳ್ಳಿಯವರ ಮೊದಲ ಸಿನಿಮಾ. ಎರಡಕ್ಕೂ ಸ್ವರ್ಣಕಮಲ. ಹತ್ತೇ ವರ್ಷದಲ್ಲಿ ಮೂರು ಸಲ, ಕನ್ನಡಕ್ಕೆ! ಚೋಮ ಆದ ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟ ಅಂತಲೂ ರಾಷ್ಟ್ರಪ್ರಶಸ್ತಿ ಬಂತು. ಘಟಶ್ರಾದ್ಧ ನೋಡಿ ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಬದುಕಿರುವ ಹೆಣ್ಣಿಗೆ ಸತ್ತವರ ಕರ್ಮ ಮಾಡಿ ಊರಿಂದ ಹೊರಗೆ ಹಾಕುವುದನ್ನು ಒಬ್ಬ ಚಿಕ್ಕ ಹುಡುಗನ ಕಣ್ಣಲ್ಲಿ ತೋರಿಸುತ್ತಾರೆ. ಆ ಹುಡುಗನಿಗೆ ಏನು ಗೊತ್ತು? ಅವನಿಗೆ ಅವಳು ಅಕ್ಕ, ಅಷ್ಟೇ.

ಈ ಎರಡು ಬಗೆಯ ಸಿನಿಮಾಗಳಿಗೂ ನಡುವೆ ಈಗಿನ ಹಾಗೆ ಗೋಡೆ ಇರಲಿಲ್ಲ ಅನ್ನುವುದು ನನಗೆ ಇನ್ನೂ ಇಷ್ಟ. ವಿಷ್ಣುವರ್ಧನ್ ವಂಶವೃಕ್ಷ ಅನ್ನುವ ಪ್ರಶಸ್ತಿ ಸಿನಿಮಾದಲ್ಲಿ ಸಣ್ಣ ಪಾತ್ರ ಮಾಡಿದ್ದರು. ಆಮೇಲೆ ನಾಗರಹಾವಿನ ರಾಮಾಚಾರಿ ಆದರು. ಭಾವ, ನಿಮ್ಮ ಶಂಕರ್‌ನಾಗ್ ಕೂಡ ಮೊದಲು ಬಂದಿದ್ದು ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ, 1978ರಲ್ಲಿ. ನೀವು ಹೇಳುವ ಎಂಬತ್ತರ ದಶಕಕ್ಕೆ ಬೀಜ ಬಿದ್ದಿದ್ದು ಇಲ್ಲೇ ಅಲ್ವಾ?

ಅಣ್ಣಾವ್ರ ಬಗ್ಗೆ ಹೇಳದಿದ್ದರೆ ನಿಮ್ಮ ಮಾವ ನನ್ನನ್ನು ಬಿಡುವುದಿಲ್ಲ. ಬಂಗಾರದ ಮನುಷ್ಯ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಕಲ್ಲು ಒಡೆದು ಜಮೀನು ಮಾಡುವ ಕಥೆ. ನಮ್ಮ ದೊಡ್ಡಪ್ಪ ಅದನ್ನು ನೋಡಿ ಬಂದು, ಬೀಳು ಬಿಟ್ಟಿದ್ದ ಹೊಲದಲ್ಲಿ ಬಾವಿ ತೋಡಿಸಿದರು. ಈಗ ನೀವೆಲ್ಲ ರಜೆಗೆ ಬಂದಾಗ ಎಳನೀರು ಕುಡಿಯುತ್ತೀರಲ್ಲ, ಆ ತೋಟವೇ ಅದು. ಆ ನಾಯಕ ಕೊನೆಯಲ್ಲಿ ಏನು ಮಾಡುತ್ತಾನೆ ಗೊತ್ತಾ? ಹೊಡೆದಾಟ ಇಲ್ಲ, ಗೆಲುವು ಇಲ್ಲ. ಕಟ್ಟಿದ್ದನ್ನೆಲ್ಲ ಬಿಟ್ಟು ಮನೆಯಿಂದ ನಡೆದುಬಿಡುತ್ತಾನೆ. ಅಂಥ ಕೊನೆಯನ್ನು ಜನ ಎರಡು ವರ್ಷ ನೋಡಿದರು. ಸನಾದಿ ಅಪ್ಪಣ್ಣದಲ್ಲಿ ಅವರ ಕೈಯಲ್ಲಿದ್ದ ಶೆಹನಾಯಿಗೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಇದೂ ಎಪ್ಪತ್ತೇಳರ ಸಿನಿಮಾ.

ಆ ದಶಕದಲ್ಲಿ ಎಲ್ಲವೂ ಚೆಂದ ಇತ್ತು ಅಂತ ನಾನು ಹೇಳುವುದಿಲ್ಲ. ಹೆಣ್ಣು ಎಷ್ಟು ಅಳುತ್ತಾಳೋ ಅಷ್ಟು ಒಳ್ಳೆಯವಳು ಅನ್ನುವ ಸಿನಿಮಾಗಳೂ ಸಾಲುಸಾಲಾಗಿ ಬಂದವು. ಪುಟ್ಟಣ್ಣನವರ ನಾಯಕಿಯರಿಗೂ ಕೊನೆಗೆ ಸುಖ ಸಿಗುವುದು ಕಡಿಮೆಯೇ. ಇದು ನನಗೆ ಈಗಲೂ ನೋವು ಕೊಡುತ್ತದೆ. 1979ರ ಮೇ ತಿಂಗಳಲ್ಲಿ ಕಲ್ಪನಾ ಹೋದ ಸುದ್ದಿ ಬಂದಾಗ ಅಮ್ಮ ಒಲೆ ಆರಿಸಿ ಹಜಾರದಲ್ಲಿ ಬಂದು ಕೂತರು. ಮನೆಯವರೇ ಹೋದ ಹಾಗೆ. ಆ ದಶಕ ನನಗೆ ಅವತ್ತೇ ಮುಗಿಯಿತು.

ಪುಟ್ಟಾ, ಕೆಜಿಎಫ್ ದೇಶದ ತುಂಬ ಓಡಿದಾಗ ನನಗೂ ಹೆಮ್ಮೆ ಆಗಿದೆ. ನಿನ್ನ ಜೊತೆ ಬಂದು ನೋಡಿದ್ದೇನಲ್ಲ. ಆದರೆ ಅವತ್ತು ವಾಪಸ್ ಬರುವಾಗ ಕಾರಿನಲ್ಲಿ ನಾವು ಮಾತಾಡಿದ್ದು ಎಷ್ಟು ಕೋಟಿ ಬಂತು ಅಂತ. ಕಥೆಯಲ್ಲಿ ಯಾರು ಸರಿ, ಯಾರು ತಪ್ಪು ಅಂತ ಮಾತಾಡಲಿಲ್ಲ. ನನಗೆ ಆ ಮಾತು ಬೇಕು.

ಸರಿ, ಈಗ ಒಂದು ಕೆಲಸ ಹೇಳುತ್ತೇನೆ. ಈ ಭಾನುವಾರ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬನ್ನಿ. ಊಟ ಆದಮೇಲೆ ಶರಪಂಜರ ಹಾಕೋಣ. ತಂಗಿ, ನಿನಗೆ ಆಗ ರಾತ್ರಿ ಆಗಿರುತ್ತದೆ, ಆದರೂ ವಿಡಿಯೋ ಕಾಲಿಗೆ ಬಾ. ಅಮ್ಮನ ಟ್ರಂಕಿನಲ್ಲಿ ಆ ಪುಸ್ತಕವೂ ಸಿಕ್ಕಿದೆ. ಬಾಡಿಗೆಯದ್ದಲ್ಲ, ಆಮೇಲೆ ಅಮ್ಮ ದುಡ್ಡು ಕೂಡಿಸಿ ಕೊಂಡಿದ್ದು. ರಟ್ಟು ಕಿತ್ತುಹೋಗಿದೆ, ಹಾಳೆಗಳೆಲ್ಲ ಇವೆ. ಮೊದಲು ಯಾರು ಓದುತ್ತೀರಿ ಅಂತ ಇವತ್ತೇ ಹೇಳಿ, ಹೊಲಿಗೆ ಹಾಕಿಸಿ ಇಟ್ಟಿರುತ್ತೇನೆ.