ಕುದುರೆ ಮಸಾಲೆ ಮೇಯಿಸಿದರೆ ಹೊಟ್ಟೆ ಉಬ್ಬರ ಬರುತ್ತಾ?

ಹುಲ್ಲುಗಾವಲು:
ನಮ್ಮ ಮೇವಿನ ಜಮೀನಿನಲ್ಲಿ ಬರೀ ಹುಲ್ಲಿದೆ. ಅದರ ಜೊತೆ ದ್ವಿದಳ ಮೇವು ಬಿತ್ತಬೇಕು ಅಂತಿದ್ದೇನೆ, ಕೊಯ್ದು ಹಾಕುವುದಕ್ಕಲ್ಲ, ಹಸುಗಳನ್ನೇ ಬಿಟ್ಟು ಮೇಯಿಸುವುದಕ್ಕೆ. ಲೂಸರ್ನ್, ಅಂದರೆ ಕುದುರೆ ಮಸಾಲೆ, ಬಿತ್ತಿ ಅನ್ನುತ್ತಾರೆ ಒಬ್ಬರು. ಅದನ್ನು ಮೇಯ್ದರೆ ಹೊಟ್ಟೆ ಉಬ್ಬಿ ಹಸು ಸಾಯುತ್ತೆ ಅನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ನಿಜ? ಮತ್ತೆ, ಇದನ್ನು ಬಿತ್ತಿದ ಮೇಲೆ ಯೂರಿಯಾ ನಿಲ್ಲಿಸಬಹುದಾ?

ಮೆಲುಕು:
ಇಬ್ಬರದ್ದೂ ನಿಜ. ಎಳೆ ಲೂಸರ್ನ್‌ನಲ್ಲಿ ಬೇಗ ಕರಗುವ ಪ್ರೋಟೀನ್ ಜಾಸ್ತಿ. ಅದರಿಂದ ಹೊಟ್ಟೆಯೊಳಗೆ ಗಟ್ಟಿ ನೊರೆ ಏಳುತ್ತದೆ, ಗಾಳಿ ಆ ನೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಹಸುವಿಗೆ ತೇಗಿ ಹೊರಹಾಕಲು ಆಗುವುದಿಲ್ಲ. ಉಬ್ಬಿದ ಹೊಟ್ಟೆ ಉಸಿರನ್ನೇ ಒತ್ತಿಬಿಡುತ್ತದೆ. ಹಸಿದ ಹಸುವನ್ನು ದಯವಿಟ್ಟು ಯಾವತ್ತೂ ಅದರೊಳಗೆ ಬಿಡಬೇಡಿ. ಮೊದಲು ಒಣಹುಲ್ಲು ತಿನ್ನಿಸಿ, ಇಬ್ಬನಿ ಆರಲಿ, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಭ್ಯಾಸ ಮಾಡಿಸಿ. ಹೂ ಬರುವ ಹೊತ್ತಿಗೆ ಅಪಾಯ ಇಳಿಯುತ್ತದೆ, ಆದರೆ ಕಾಂಡ ಬಲಿತು ಸತ್ವವೂ ಇಳಿಯುತ್ತದೆ. ಎಡ ಪಕ್ಕೆ ಉಬ್ಬಿ ಹಸು ಮಲಗಿ ಏಳುತ್ತಾ ಒದ್ದಾಡಿದರೆ, ನೋಡೋಣ ಅಂತ ಕಾಯಬೇಡಿ. ಆಗಲೇ ಪಶುವೈದ್ಯರನ್ನು ಕರೆಸಿ.

ಬೇರುಗಂಟು:
ಯೂರಿಯಾ ಬಗ್ಗೆ ಹೇಳ್ತೀನಿ. ದ್ವಿದಳ ಗಿಡದ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಯೂರಿಯಾ ಜಾಸ್ತಿ ಸುರಿದರೆ ಆ ಕೆಲಸ ಕುಗ್ಗುತ್ತದೆ, ಜೊತೆಗೆ ಹುಲ್ಲು ಜೋರಾಗಿ ಬೆಳೆದು ದ್ವಿದಳವನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಕಡಿಮೆ ಮಾಡಿ, ರಂಜಕ ಮಾತ್ರ ಮರೆಯಬೇಡಿ. ಒಂದು ಗಿಡ ಕಿತ್ತು ಗಂಟು ಒಡೆದು ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೀತಿದೆ ಅಂತ. ಆದರೆ ಹುಲ್ಲಿಗೆ ಈ ಸಾರಜನಕ ಕೂಡಲೇ ಸಿಗುವುದಿಲ್ಲ. ಉದುರಿದ ಎಲೆ, ಸತ್ತ ಬೇರು, ಸಗಣಿ, ಗಂಜಲದ ಮೂಲಕ ನಿಧಾನವಾಗಿ ಸೇರುತ್ತದೆ.

ಹುಲ್ಲುಗಾವಲು:
ತುಂಬಾ ಉಪಯೋಗ ಆಯ್ತು. ಒಂದು ವಿಷಯ ಬಿಟ್ಟುಹೋಗಿತ್ತು, ನಮ್ಮದು ಹುಳಿ ಮಣ್ಣು.

ಮೆಲುಕು:
ಹಾಗಾದರೆ ಲೂಸರ್ನ್ ಬೇಡ, ಅದಕ್ಕೆ ಹುಳಿ ಮಣ್ಣು ಆಗಿಬರುವುದಿಲ್ಲ. ಸ್ಟೈಲೋ ಅನ್ನುವ ದ್ವಿದಳ ಮೇವು ನೋಡಿ. ಬಡ ಮಣ್ಣಲ್ಲೂ ಬರುತ್ತದೆ, ಒಣಹವೆ ತಡೆಯುತ್ತದೆ, ಅದರಿಂದ ಉಬ್ಬರ ಬರುವುದೂ ಅಪರೂಪ. ಬೀಜದ ಸಿಪ್ಪೆ ಗಟ್ಟಿ, ಸುಮ್ನೆ ಎರಚಿದರೆ ಸರಿಯಾಗಿ ಮೊಳೆಯುವುದಿಲ್ಲ. 80 ಡಿಗ್ರಿ ಬಿಸಿನೀರಲ್ಲಿ 4-5 ನಿಮಿಷ ಇಟ್ಟು ತೆಗೆಯಿರಿ, ಆಳಕ್ಕೆ ಹಾಕದೆ ಮೇಲ್ಮಣ್ಣಲ್ಲೇ ಬಿತ್ತಿ. ಶುರುವಿನಲ್ಲಿ ಬೆಳವಣಿಗೆ ನಿಧಾನ, ಗಿಡ ಬೇರೂರುವ ತನಕ ಹಸು ಬಿಡಬೇಡಿ.