ಮಳೆಗಾಲದಲ್ಲಿ ಹಸಿ ಕಸದ ಗೊಬ್ಬರ: ಸಹಾಯ ಬೇಕು

ನಮಸ್ಕಾರ. ನಮ್ಮದು ಬೆಳಗಾವಿಯ ಟಿಳಕವಾಡಿ. ಏಪ್ರಿಲ್‌ನಿಂದ ಅಡುಗೆಮನೆಯ ಹಸಿ ಕಸವನ್ನು ತೂತು ಕೊರೆದ ಹಳೆಯ ಬಕೆಟ್‌ನಲ್ಲಿ ಗೊಬ್ಬರ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಜಿಟಿಜಿಟಿ ಮಳೆ ಹಿಡಿದ ಮೇಲೆ ಎಲ್ಲವೂ ಕೆಸರಾಗಿದೆ. ಮುಚ್ಚಳ ತೆಗೆದರೆ ಹುಳಿ ನಾತ, ಮೆಂತ್ಯೆಯ ಕಡ್ಡಿಗಳ ನಡುವೆ ಮಿಸುಕಾಡುವ ಬಿಳಿ ಹುಳುಗಳು.

ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ ಹಾಕಬೇಕೆಂದು ಗೊತ್ತು. ಈ ಮಳೆಯಲ್ಲಿ ಅದನ್ನು ಎಲ್ಲಿಂದ ತರಲಿ? ಕಬ್ಬಿನ ರವದಿ ಕತ್ತರಿಸಿ ಹಾಕಬಹುದೇ? ಬಡಿಗೇರರ ಅಂಗಡಿಯ ಮರದ ಪುಡಿ ಸಿಗುತ್ತದೆ, ಆದರೆ ಪ್ಲೈವುಡ್ ಅಂಟು ಬೆರೆತಿದ್ದರೆ ಎಂಬ ಅಳುಕು.

ರದ್ದಿ, ಪ್ಲಾಸ್ಟಿಕ್ ಗುಜರಿಗೆ ಹೋಗುತ್ತವೆ, ಅದರ ಚಿಂತೆಯಿಲ್ಲ. ಈ ಬಕೆಟ್ ಮಾತ್ರ ಕೈಬಿಡಲು ಮನಸ್ಸು ಒಪ್ಪುತ್ತಿಲ್ಲ. ನಮ್ಮೂರಿನ ಮಳೆಯಲ್ಲಿ ಗೊಬ್ಬರ ಮಾಡಿದವರು ದಯವಿಟ್ಟು ತಿಳಿಸಿ.