ಹೇಮಾವತಿ ಹಿನ್ನೀರಿನಲ್ಲಿ ಒಬ್ಬನೇ ಕೆನೂ ಪ್ರಯಾಣ, ಎರಡು ರಾತ್ರಿ ತಂಗುವುದು ಮತ್ತು ಗಾಳ: ಸಲಹೆ ಬೇಕು

ಪ್ರಶ್ನೆ – ಹಾಸನದವನು

ಎಲ್ಲರಿಗೂ ನಮಸ್ಕಾರ. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಡಿಸೆಂಬರ್ ಕೊನೆಯ ವಾರ ಶೆಟ್ಟಿಹಳ್ಳಿಯ ಕಡೆಯಿಂದ ದೋಣಿ ಇಳಿಸಿ, ಸಕಲೇಶಪುರದ ದಿಕ್ಕಿಗೆ ಸಾಧ್ಯವಾದಷ್ಟು ದೂರ ಹೋಗಿ, ದಡದಲ್ಲಿ ಎರಡು ರಾತ್ರಿ ಟೆಂಟಿನಲ್ಲಿದ್ದು ಹಿಂದಿರುಗುವ ಯೋಚನೆಯಿದೆ. ಬೆಳಗ್ಗೆ ಮತ್ತು ಸಂಜೆ ಗಾಳ ಹಾಕುವ ಆಸೆಯೂ ಇದೆ. ನನ್ನ ಬಳಿ ಇರುವುದು ಇಬ್ಬರು ಕೂರುವ 16 ಅಡಿಯ ಕೆನೂ, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ತೆರೆದ ದೋಣಿ. ಊರ ಕೆರೆಯಲ್ಲಿ ಅದನ್ನು ಒಬ್ಬನೇ ನಡೆಸುವಾಗ ಮುಂಭಾಗ ಮೇಲೆದ್ದು, ಸ್ವಲ್ಪ ಗಾಳಿ ಬೀಸಿದರೂ ದೋಣಿ ತನ್ನಿಷ್ಟದ ಕಡೆಗೆ ತಿರುಗಿಬಿಡುತ್ತದೆ. ಇದಕ್ಕೆ ಉಪಾಯವೇನು? ದಡದಲ್ಲಿ ತಂಗಲು ಯಾರನ್ನು ಕೇಳಬೇಕು? ಇದೆಲ್ಲ ಕಷ್ಟವೆನ್ನುವುದಾದರೆ ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ಹೋಗುವುದು ಮೇಲೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ – ಹುಟ್ಟುಗೋಲು

ನಿಮ್ಮ ದೋಣಿಯಲ್ಲಿ ದೋಷವಿಲ್ಲ, ನೀವು ಕೂರುವ ಜಾಗದಲ್ಲಿದೆ. ಒಬ್ಬರೇ ಇರುವಾಗ ಹಿಂದಿನ ಆಸನದಲ್ಲಿ ಕೂತರೆ ಭಾರವೆಲ್ಲ ಒಂದು ತುದಿಗೆ ಸೇರಿ, ನೀರಿನಿಂದ ಮೇಲೆದ್ದ ಮುಂಭಾಗವನ್ನು ಗಾಳಿ ಹಿಡಿದು ತಿರುಗಿಸುತ್ತದೆ. ಎರಡೂ ತುದಿ ಒಂದೇ ಆಕಾರದಲ್ಲಿರುವ ಕೆನೂ ಆದರೆ ಮುಂದಿನ ಆಸನದಲ್ಲಿ ಹಿಮ್ಮುಖವಾಗಿ ಕುಳಿತು, ಹಿಂದಿನ ತುದಿಯನ್ನೇ ಮುಂದು ಮಾಡಿಕೊಳ್ಳಿ. ಆ ಆಸನ ದೋಣಿಯ ನಡುವಿಗೆ ಹತ್ತಿರವಿರುತ್ತದೆ. ಕುಡಿಯುವ ನೀರಿನ 20 ಲೀಟರ್ ಕ್ಯಾನು ಮತ್ತು ಟೆಂಟಿನ ಚೀಲವನ್ನು ನಿಮ್ಮ ಎದುರಿಗೆ ಜರುಗಿಸಿ ಕಟ್ಟಿದರೆ ದೋಣಿ ಸಮವಾಗುತ್ತದೆ. ಎದುರುಗಾಳಿಯಲ್ಲಿ ಭಾರ ಇನ್ನೂ ಸ್ವಲ್ಪ ಮುಂದಿರಲಿ, ಗಾಳಿ ಬೆನ್ನಿಗಿರುವಾಗ ಸ್ವಲ್ಪ ಹಿಂದಿರಲಿ. ಒಂದೇ ಬದಿಯಲ್ಲಿ ಹುಟ್ಟು ಹಾಕುತ್ತ ನೇರವಾಗಿ ಹೋಗಬೇಕಾದರೆ, ಪ್ರತಿ ಎಳೆತದ ಕೊನೆಯಲ್ಲಿ ಹೆಬ್ಬೆರಳು ಕೆಳಮುಖವಾಗುವಂತೆ ಮಣಿಕಟ್ಟನ್ನು ತಿರುಗಿಸಿ, ಹುಟ್ಟಿನ ಅಲಗಿನಿಂದ ನೀರನ್ನು ದೋಣಿಯಿಂದ ಆಚೆಗೆ ತುಸು ತಳ್ಳಬೇಕು. ಇದನ್ನು ಕೆರೆಯಲ್ಲಿಯೇ ಕೈಗೆ ಹತ್ತಿಸಿಕೊಳ್ಳಿ.

ನಿಮ್ಮ ಯೋಜನೆಯಲ್ಲಿ ನನಗೆ ಕಾಣುವ ನಿಜವಾದ ತೊಡಕು ಬೇರೆಯೇ ಇದೆ. ಡಿಸೆಂಬರಿನಲ್ಲಿ ನಮ್ಮ ಕಡೆ ಹೆಚ್ಚಾಗಿ ಬೀಸುವುದು ಮೂಡಣ ಗಾಳಿ, ಮತ್ತು ನೀವು ಹೊರಟಿರುವುದು ಪಶ್ಚಿಮದ ಕಡೆಗೆ. ಹೋಗುವಾಗ ಗಾಳಿಯೇ ಬೆನ್ನು ತಟ್ಟಿ ಕಳುಹಿಸುವುದರಿಂದ ನಿಮ್ಮ ಶಕ್ತಿಗೆ ಮೀರಿದ ದೂರವನ್ನು ಸುಲಭವಾಗಿ ಕ್ರಮಿಸಿಬಿಡುತ್ತೀರಿ; ಹಿಂದಿರುಗುವ ದಿನ, ತೋಳು ಸೋತಿರುವಾಗ, ಅದೇ ಗಾಳಿ ಎದುರಾಗಿ ನಿಲ್ಲುತ್ತದೆ. ಆದ್ದರಿಂದ ಎಲ್ಲಿಯವರೆಗೆ ಹೋಗಬಲ್ಲಿರಿ ಎಂದು ಲೆಕ್ಕ ಹಾಕುವ ಬದಲು, ಬಿಸಿಲೇರಿ ಗಾಳಿ ಬಲಗೊಳ್ಳುವ ಮೊದಲು ಎಷ್ಟು ದೂರ ಹಿಂದಿರುಗಬಲ್ಲಿರಿ ಎಂಬುದರ ಮೇಲೆ ಮೊದಲ ರಾತ್ರಿಯ ಜಾಗವನ್ನು ಗೊತ್ತುಮಾಡಿ. ಬೆಳಗಿನ ಮಂಜು ದಟ್ಟವಾಗಿದ್ದರೆ ಅದು ಕರಗುವವರೆಗೆ ದೋಣಿ ಇಳಿಸಬೇಡಿ. ನೀರಿನ ನಡುವೆ ಅಡ್ಡ ಹಾಯದೆ ದಡದ ಗುಂಟ ಸಾಗಿ. ಲೈಫ್ ಜಾಕೆಟ್ ಮೈಮೇಲಿರಬೇಕು, ಆಸನದ ಕೆಳಗಲ್ಲ. ಮಗುಚಿದರೆ ಈಜಿ ದಡ ಸೇರುವ ಸಾಹಸ ಬೇಡ. ದೋಣಿಯನ್ನು ಹಿಡಿದುಕೊಂಡೇ ಇರಿ.

ಉತ್ತರ – ಆಲೂರು ಸೀಮೆ

ಮೇಲಿನವರು ನೀರಿನ ವಿಷಯ ಹೇಳಿದ್ದಾರೆ, ನಾನು ದಡದ ವಿಷಯ ಹೇಳುತ್ತೇನೆ. ಜಲಾಶಯದ ಪೂರ್ಣ ಮಟ್ಟ 2922 ಅಡಿ. ಡಿಸೆಂಬರಿನ ಹೊತ್ತಿಗೆ ನೀರು ಇಳಿಯತೊಡಗಿ ದಡದ ಸುತ್ತ ಹೂಳಿನ ಪಟ್ಟಿಯೊಂದು ಬಯಲಾಗುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದಂತೆ ಕಂಡರೂ ಕೆಳಗೆ ಹುದುಲಿರುತ್ತದೆ, ಕಾಲಿಟ್ಟರೆ ಮೊಣಕಾಲಿನವರೆಗೆ ಹೋಗುತ್ತದೆ. ದೋಣಿಯಿಂದ ಇಳಿಯುವ ಮೊದಲು ಹುಟ್ಟಿನಿಂದ ಚುಚ್ಚಿ ನೋಡಿ, ದನಗಳು ನೀರಿಗಿಳಿಯುವ ದಾರಿ ಅಥವಾ ಜಲ್ಲಿನೆಲ ಇರುವ ಕಡೆಯೇ ಹತ್ತಿ. ಶೆಟ್ಟಿಹಳ್ಳಿಯಲ್ಲಿ 1860ರ ದಶಕದ ಚರ್ಚಿನ ಗೋಡೆಗಳು ನೀರಿನಲ್ಲಿದ್ದರೆ ಅವುಗಳ ನಡುವೆ ದೋಣಿ ನುಗ್ಗಿಸುವ ಮೋಹ ಬೇಡ. ಚಾವಣಿಯಿಲ್ಲದೆ ವರ್ಷವರ್ಷವೂ ನೆನೆದು ಒಣಗುವ ಗೋಡೆಗಳವು.

ಜಲಾಶಯ ಕಾವೇರಿ ನೀರಾವರಿ ನಿಗಮದ ವಶದಲ್ಲಿದೆ, ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯ ಪರವಾನಗಿಗೆ ಒಳಪಟ್ಟಿದೆ. ಎರಡೂ ಕಡೆ ಬರಹದಲ್ಲಿ ಕೇಳಿಕೊಳ್ಳಿ. ದಡದ ಮೇಲಿನ ಜಮೀನು ಯಾರದೋ ತೋಟವಾಗಿರುವುದೇ ಹೆಚ್ಚು, ಆದ್ದರಿಂದ ಯಜಮಾನರ ಒಪ್ಪಿಗೆ ಪಡೆದು ಮನೆಗೆ ಕೂಗಳತೆಯಲ್ಲಿ ಟೆಂಟ್ ಹಾಕಿ. ನಮ್ಮ ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟದಿಂದ ತೋಟಕ್ಕೆ ತಿರುಗುತ್ತವೆ ಮತ್ತು ರಾತ್ರಿ ನೀರಿಗೆ ಬರುತ್ತವೆ. ಹಸಿ ಲದ್ದಿ, ತುಳಿದು ಮಲಗಿಸಿದ ಹುಲ್ಲು, ನೀರಿಗಿಳಿಯುವ ಅಗಲವಾದ ಜಾರು ದಾರಿ ಕಂಡರೆ, ಕತ್ತಲಾಗಲು ಅರ್ಧ ಗಂಟೆಯಿದ್ದರೂ ಸರಿ, ಅಲ್ಲಿಂದ ಹೊರಡಿ. ಬಾಳೆಹಣ್ಣು, ಬೆಲ್ಲ, ಉಪ್ಪು ಟೆಂಟಿನೊಳಗೆ ಇರಬಾರದು. ಆ ದಿನ ಆನೆಗಳು ಎಲ್ಲಿವೆ ಎಂಬುದನ್ನು ಅರಣ್ಯ ಇಲಾಖೆಯವರಿಂದಲೋ ತೋಟದ ಆಳುಗಳಿಂದಲೋ ಕೇಳಿ ತಿಳಿದುಕೊಳ್ಳಿ, ಅವರಿಗೆ ತಿಳಿದಿರುತ್ತದೆ.

ಉತ್ತರ – ತರೀಕೆರೆ

ಭದ್ರಾ ಹಿನ್ನೀರಿನ ಯೋಚನೆಯನ್ನು ಕೈಬಿಡಿ. ಅದು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿಕೊಂಡಿದೆ, ಆ ಪ್ರದೇಶ 1998ರಿಂದ ಹುಲಿ ಯೋಜನೆಯಲ್ಲಿದೆ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬೇಸಿಗೆಯಲ್ಲಿ ಅಲ್ಲಿನ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ನೀರು ನೋಡಬೇಕೆಂದರೆ ಲಕ್ಕವಳ್ಳಿಯಲ್ಲಿ ಅಧಿಕೃತ ದೋಣಿವಿಹಾರವಿದೆ.

ಪ್ರಶ್ನೆ ಕೇಳಿದವರು

ಭದ್ರೆಯನ್ನು ಬಿಟ್ಟೆ. ತೋಟವೊಂದರ ಯಜಮಾನರ ಪರಿಚಯವಿದೆ, ಎರಡು ರಾತ್ರಿಯೂ ಅಲ್ಲಿಯೇ ತಂಗಿ, ಹಗಲು ಹತ್ತಿರದ ಕೊಲ್ಲಿಗಳಲ್ಲಿ ಮಾತ್ರ ತಿರುಗುತ್ತೇನೆ. ಮೀನಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಉತ್ತರ – ಗಾಳದ ಹುಚ್ಚು

ಪರವಾನಗಿ ಸಿಕ್ಕ ಮೇಲೆ ಇದನ್ನು ಓದಿಕೊಳ್ಳಿ. ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ, ಹಾಗಾಗಿ ಗಾಳದ ಆಳವೇ ಯಾವ ಮೀನೆಂಬುದನ್ನು ಅರ್ಧ ತೀರ್ಮಾನಿಸುತ್ತದೆ. ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಸ್ವಲ್ಪ ಕಡಲೆಕಾಯಿ ಹಿಂಡಿ ಸೇರಿಸಿ ನಾದಿ, ಗೋಲಿಯಷ್ಟು ಉಂಡೆ ಮಾಡಿ ಮುಳ್ಳಿಗೆ ಚುಚ್ಚಿ. ಮೆದುವಾದರೆ ಎಸೆಯುವಾಗಲೇ ಉದುರಿಹೋಗುತ್ತದೆ. ಚಿಕ್ಕ ಜಿಲೇಬಿ ಮೀನು ಸಾಕೆಂದರೆ ಎರೆಹುಳುವಿಗಿಂತ ಬೇರೆ ಬೇಕಿಲ್ಲ. ಸಾಧ್ಯವಾದಷ್ಟು ದಡದಿಂದಲೇ ಗಾಳ ಹಾಕಿ, ಏಕೆಂದರೆ ದೊಡ್ಡ ಕಾಟ್ಲಾ ಎಳೆದಾಗ ಒಂದೇ ಪಕ್ಕಕ್ಕೆ ಬಾಗಿದವರನ್ನು ಕೆನೂ ಸಲೀಸಾಗಿ ನೀರಿಗೆ ಹಾಕುತ್ತದೆ. ದೋಣಿಯಿಂದಲೇ ಹಿಡಿಯುವುದಾದರೆ ಮಂಡಿಯೂರಿ ಕೂತು, ದಾರವನ್ನು ಮುಂದಿನ ತುದಿಯ ಕಡೆಗೇ ಬಿಡಿ. ನೀರಿನ ಮೇಲೆ ಸಾಲಾಗಿ ತೇಲುವ ಪ್ಲಾಸ್ಟಿಕ್ ಬಾಟಲಿಗಳು ಅಥವಾ ಥರ್ಮಾಕೋಲ್ ತುಂಡುಗಳು ಕಂಡರೆ ಅಡಿಯಲ್ಲಿ ಬೆಸ್ತರ ಬಲೆಯಿದೆ ಎಂದರ್ಥ. ಅವರು ಸಂಜೆ ಬಿಟ್ಟು ಬೆಳಗ್ಗೆ ಎತ್ತುತ್ತಾರೆ. ಆ ಸಾಲನ್ನು ಸುತ್ತಿಕೊಂಡು ಹೋಗಿ, ಅದರ ಹತ್ತಿರ ಗಾಳ ಎಸೆಯಬೇಡಿ. ತೆಪ್ಪದಲ್ಲಿ ಎದುರಾದರೆ ಮಾತಾಡಿಸಿ: ಮುಳುಗಿದ ಮರಗಳ ಕೊರಡು ಎಲ್ಲೆಲ್ಲಿವೆ ಎಂಬುದು ಅವರಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿದಿಲ್ಲ.